ಮೊದಲ ವಾಕ್ಯದ ವಿದ್ಯೆ

ನಮ್ಮ ಪದವಿ ಕಾಲೇಜುಗಳ ಪತ್ರಿಕೋದ್ಯಮ ವಿಭಾಗಗಳ ವಿಷಯದಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಪ್ರಶಂಸೆಯೆಂದರೆ, ಅವು ‘ಪ್ರಾಯೋಗಿಕ’ವಾಗಿವೆ ಎಂಬುದು. ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಐಚ್ಛಿಕವಾಗಿ ತೆಗೆದುಕೊಂಡವನು ಮೂರು ವರ್ಷ ನೋಟ್ಸಿನಲ್ಲಿಯೇ ಕಳೆಯುತ್ತಿರಲು, ಪತ್ರಿಕೋದ್ಯಮದ ವಿದ್ಯಾರ್ಥಿಯಾದವನು ಸುದ್ದಿ ಬರೆಯುತ್ತಾನೆ, ಪುಟ ಕಟ್ಟುತ್ತಾನೆ, ಕ್ಯಾಮೆರಾ ಹಿಡಿಯುತ್ತಾನೆ, ವರ್ಷಕ್ಕೊಮ್ಮೆಯಾದರೂ ಪ್ರಾಯೋಗಿಕ ಪತ್ರಿಕೆಯೊಂದನ್ನು ಹೊರತರುತ್ತಾನೆ; ಆದುದರಿಂದ ಅವನದು ಜೀವಂತ ವಿದ್ಯೆ ಎಂಬ ನಂಬಿಕೆಯು ಪ್ರಾಂಶುಪಾಲರ ವಾರ್ಷಿಕ ವರದಿಯಿಂದ ಮೊದಲ್ಗೊಂಡು ಪ್ರವೇಶದ ದಿನ ಕಚೇರಿಯ ಮುಂದೆ ನಿಂತ ತಂದೆತಾಯಿಗಳ ಮಾತಿನವರೆಗೂ ಹಬ್ಬಿಕೊಂಡಿದೆ. ಈ ಕೀರ್ತಿಯಲ್ಲಿ ಬಹುಪಾಲು ಉಬ್ಬಿಸಿದ್ದೆಂದೂ, ಈ ವಿಷಯಕ್ಕೆ ಹುಟ್ಟಿನಿಂದಲೇ ಇದ್ದ ಬೇರೊಂದು ಗುಣವು ಅದರ ಮರೆಯಲ್ಲಿ ಅನಾದರಕ್ಕೆ ಗುರಿಯಾಗಿದೆಯೆಂದೂ ನನ್ನ ಅಭಿಪ್ರಾಯ.

ಹುಟ್ಟಿನ ಕಥೆಯನ್ನು ಬಲ್ಲವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ 1941ರಲ್ಲಿ ಮೊದಲಾದ ಈ ಶಿಕ್ಷಣವು, ಮದರಾಸು ಮತ್ತು ಕಲ್ಕತ್ತೆಗಳನ್ನು ದಾಟಿ 1951ರಲ್ಲಿ ಮೈಸೂರಿಗೆ ಬಂತು. ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಅದನ್ನು ಬಿ.ಎ. ತರಗತಿಯ ವಿಷಯವನ್ನಾಗಿ ನೆಲೆಗೊಳಿಸಿದರು. ಇಲ್ಲಿ ಲಕ್ಷಿಸತಕ್ಕ ಅಂಶವೆಂದರೆ, ಪದವಿ ಮುಗಿಸಿದವನಿಗೆ ಆಮೇಲೆ ಅಂಟಿಸುವ ಡಿಪ್ಲೊಮಾ ಆಗಿ ಅಲ್ಲದೆ, ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯಗಳ ಮಗ್ಗುಲಲ್ಲಿ ಕುಳಿತು ಓದುವ ಸಮಾನಸ್ಕಂಧ ವಿಷಯವಾಗಿ ಅದು ಮೈಸೂರಿನಲ್ಲಿ ಬೆಳೆಯಿತೆಂಬುದು. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ಅವರ ‘ಇಂಡಿಯನ್ ಜರ್ನಲಿಸಂ’ ಎಂಬ ದೊಡ್ಡ ಗ್ರಂಥವಾದರೂ ಸುದ್ದಿ ಬರೆಯುವ ಕೈಪಿಡಿಯಲ್ಲ. ಅಶೋಕನ ಕಾಲದಿಂದ ನೆಹರೂರವರ ಕಾಲದವರೆಗಿನ ಚರಿತ್ರೆ ಅದು. ಸಂಸ್ಥಾಪಕನ ಮನಸ್ಸು ಎತ್ತ ಕಡೆಗೆ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ ಸಾಕು. ಉತ್ತರಾಧಿಕಾರಿಗಳು ಆಸ್ತಿಯನ್ನು ಪಡೆದರು. ಮನಸ್ಸನ್ನು ಪಡೆದಂತೆ ಕಾಣುವುದಿಲ್ಲ.

ಈಗ ಆ ಪ್ರಾಯೋಗಿಕ ವಿದ್ಯೆಯ ಶಿರೋಮಣಿಯಾದ ‘ಇಂಟ್ರೋ’ವನ್ನು ಸಾವಧಾನವಾಗಿ ನೋಡೋಣ. ಮೊದಲ ಸೆಮಿಸ್ಟರಿನಲ್ಲಿ ಕಲಿಸಿ, ಆರನೆಯ ಸೆಮಿಸ್ಟರಿನ ಮೌಖಿಕ ಪರೀಕ್ಷೆಯಲ್ಲಿಯೂ ಕೇಳುವ ಪಾಠ ಇದೊಂದೇ. ಐದು ‘ಡಬ್ಲ್ಯು’, ಒಂದು ‘ಎಚ್’. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಇವಿಷ್ಟನ್ನೂ ಮೊದಲ ವಾಕ್ಯದಲ್ಲಿ ಅಡಕ ಮಾಡಿ, ಉಳಿದುದನ್ನು ಮಹತ್ತ್ವದ ಇಳಿಮುಖ ಕ್ರಮದಲ್ಲಿ ಪೋಣಿಸಿದರೆ ‘ತಲೆಕೆಳಗಾದ ಪಿರಮಿಡ್’ ಸಿದ್ಧವಾಯಿತು. ಇದರ ಜನ್ಮಕಥೆಯಾಗಿ ಅಮೆರಿಕದ ಅಂತರ್ಯುದ್ಧವನ್ನೂ, ತಂತಿ ಯಾವ ಗಳಿಗೆಯಲ್ಲಾದರೂ ಕಡಿದೀತೆಂಬ ಭಯದಿಂದ ಮುಖ್ಯಾಂಶವನ್ನು ಮೊದಲು ಕಳುಹಿಸುತ್ತಿದ್ದ ವರದಿಗಾರನನ್ನೂ ತರಗತಿಯಲ್ಲಿ ವರ್ಣಿಸುವುದುಂಟು. ಆ ಯುದ್ಧಕಾಲದ ಪತ್ರಿಕೆಗಳನ್ನು ತೆರೆದು ನೋಡಿದ ಚರಿತ್ರಕಾರರಲ್ಲಿ ಅನೇಕರು, ಈ ಮಾದರಿಯು ಸಾಮಾನ್ಯವಾದದ್ದು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಎಂದು ಹೇಳಿರುವುದು ನಮ್ಮ ಗೈಡುಗಳಿಗೆ ಇನ್ನೂ ತಲುಪಿಲ್ಲ. ಅದು ಹಾಗಿರಲಿ. ಮೊಳೆ ಜೋಡಿಸುವ ಕಾಲದಲ್ಲಿ ಪುಟದಲ್ಲಿ ಜಾಗ ಸಾಲದಾದಾಗ ಕೆಳಗಿನಿಂದ ಕತ್ತರಿಸಲು ಈ ಕ್ರಮವು ಅನುಕೂಲವಾಗಿತ್ತೆಂಬುದನ್ನೂ, ಯಾವುದು ಮುಖ್ಯ ಯಾವುದು ಗೌಣ ಎಂದು ವಿಂಗಡಿಸುವ ಅಭ್ಯಾಸವನ್ನು ಅದು ಹೊಸಬನಿಗೆ ಕೊಡುತ್ತದೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆದರೆ ಕನ್ನಡದಲ್ಲಿ ಈ ಕ್ರಮವು ಏನಾಗುತ್ತದೆ? ತರಗತಿಯಲ್ಲಿ ಪೂರ್ಣ ಅಂಕ ಪಡೆಯತಕ್ಕ ಒಂದು ಉತ್ತರವನ್ನು ಮಾದರಿಗಾಗಿ ನಾನೇ ಕಟ್ಟಿಕೊಡುತ್ತೇನೆ: “ತಾಲ್ಲೂಕು ಕೇಂದ್ರದಿಂದ ಐದು ಕಿ.ಮೀ. ದೂರದ ತಿರುವಿನಲ್ಲಿ ಮಂಗಳವಾರ ಸಂಜೆ 6 ಗಂಟೆ ಸುಮಾರಿಗೆ, ಎದುರಿನಿಂದ ಬಂದ ಲಾರಿಯನ್ನು ತಪ್ಪಿಸಲು ಹೋಗಿ, ಚಾಲಕನ ನಿಯಂತ್ರಣ ತಪ್ಪಿದ ಖಾಸಗಿ ಬಸ್ಸೊಂದು ಹಳ್ಳಕ್ಕೆ ಉರುಳಿದ ಪರಿಣಾಮ ಇಬ್ಬರು ಪ್ರಯಾಣಿಕರು ಸ್ಥಳದಲ್ಲೇ ಮೃತಪಟ್ಟು ಹತ್ತು ಮಂದಿ ಗಾಯಗೊಂಡಿದ್ದಾರೆ.” ಆರೂ ಪ್ರಶ್ನೆಗಳಿಗೆ ಉತ್ತರ ಬಂದಿದೆ, ಅಧ್ಯಾಪಕರು ಸಂತುಷ್ಟರು. ಆದರೆ ಸತ್ತವರು ಎಲ್ಲಿದ್ದಾರೆ? ದೂರ, ತಿರುವು, ವಾರ, ವೇಳೆ, ಲಾರಿ, ಬಸ್ಸು, ಹಳ್ಳ ಇವೆಲ್ಲವನ್ನೂ ದಾಟಿದ ಮೇಲೆ, ವಾಕ್ಯದ ಬಾಲದಲ್ಲಿ. ಕ್ರಿಯಾಪದವನ್ನು ಕೊನೆಗಿಡುವುದು ನಮ್ಮ ಭಾಷೆಯ ಸ್ವಭಾವ. ಪಿರಮಿಡ್ಡನ್ನು ತಲೆಕೆಳಗು ಮಾಡಿದ್ದೇವೆಂದು ಹೇಳಿಕೊಳ್ಳುತ್ತ, ಅದರ ಮೊದಲ ಕಲ್ಲನ್ನೇ ನಾವು ನೆಟ್ಟಗೆ ನಿಲ್ಲಿಸಿದ್ದೇವೆ. “ಬಸ್ಸು ಹಳ್ಳಕ್ಕೆ ಬಿದ್ದು ಇಬ್ಬರು ಸತ್ತರು” ಎಂದು ಅದೇ ತಿರುವಿನ ಚಹದಂಗಡಿಯವನು ಹೇಳುತ್ತಾನೆ. ಉಳಿದುದನ್ನು ಕೇಳಿದರೆ ಹೇಳುತ್ತಾನೆ. ಅವನಿಗೆ ಸಹಜವಾಗಿರುವ ಈ ವಿವೇಕವನ್ನು ನಮ್ಮ ವಿದ್ಯಾರ್ಥಿಯು ಪ್ರಥಮ ವರ್ಷದಲ್ಲಿ ಕಳೆದುಕೊಳ್ಳುತ್ತಾನೆ.

ಇದು ಕೇವಲ ಶೈಲಿಯ ಮಾತಾಗಿದ್ದರೆ ನಾನು ಇಷ್ಟು ಹಿಂಜಬೇಕಾಗಿರಲಿಲ್ಲ. ಅದೇ ವಾಕ್ಯವನ್ನು ಇನ್ನೊಮ್ಮೆ ಓದಿರಿ. ‘ತಪ್ಪಿಸಲು ಹೋಗಿ’ ಎಂದು ಹೇಳಿದವರು ಯಾರು? ಬಸ್ಸಿನ ಚಾಲಕನೆ, ಲಾರಿಯ ಚಾಲಕನೆ, ಠಾಣೆಯ ಪೇದೆಯೆ, ಗುಂಪಿನಲ್ಲಿ ನಿಂತಿದ್ದ ಯಾರೋ ಒಬ್ಬನೆ? ‘ನಿಯಂತ್ರಣ ತಪ್ಪಿದ’ ಎಂಬುದು ಯಾರ ನಿರ್ಣಯ? ‘ಏಕೆ’ ಮತ್ತು ‘ಹೇಗೆ’ ಎಂಬ ಪ್ರಶ್ನೆಗಳಿಗೆ ಮೊದಲ ವಾಕ್ಯದಲ್ಲಿಯೇ ಉತ್ತರ ಸಲ್ಲಿಸಬೇಕೆಂಬ ನಿಯಮವಿರುವುದರಿಂದ, ಘಟನೆ ನಡೆದ ಸಂಜೆಯೇ ಯಾರಿಗೂ ನಿಶ್ಚಯವಾಗಿ ಗೊತ್ತಿರದ ಕಾರಣವನ್ನು ವಿದ್ಯಾರ್ಥಿಯು ಗೊತ್ತಿರುವಂತೆ ಬರೆಯಲೇಬೇಕಾಗುತ್ತದೆ. ನಮ್ಮ ಭಾಷೆಯ ‘ಹೋಗಿ’, ‘ತಪ್ಪಿ’, ‘ಉರುಳಿ’ ಎಂಬ ಕೃದಂತಗಳು ಒಂದರ ಕೈಯನ್ನೊಂದು ಹಿಡಿದು ಸಾಗುವ ಕ್ರಮದಲ್ಲಿ, ಆಮೇಲೆ ನಡೆದದ್ದೆಲ್ಲವೂ ಮೊದಲು ನಡೆದುದರ ಕಾರ್ಯವೆಂಬ ಭ್ರಾಂತಿಯನ್ನು ಸದ್ದಿಲ್ಲದೆ ಹುಟ್ಟಿಸುತ್ತವೆ. ‘ಪರಿಣಾಮ’ ಎಂಬ ಶಬ್ದವು ಅದಕ್ಕೆ ಮುದ್ರೆಯೊತ್ತುತ್ತದೆ. ಆ ತಿರುವಿನಲ್ಲಿ ತಡೆಗೋಡೆ ಇತ್ತೆ, ಬಸ್ಸಿಗೆ ಅರ್ಹತಾಪತ್ರವಿತ್ತೆ, ಆ ರಸ್ತೆಯ ದುರಸ್ತಿಗೆ ಹಣ ಮಂಜೂರಾಗಿತ್ತೆ ಎಂಬ ಪ್ರಶ್ನೆಗಳಿಗೆ ಈ ವಾಕ್ಯದಲ್ಲಿ ಬಾಗಿಲೇ ಇಲ್ಲ. ಕಾರಣವು ಆಗಲೇ ಸಿಕ್ಕಿಬಿಟ್ಟಿದೆಯಲ್ಲ! ಆರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದವರು ‘ಇದನ್ನು ಹೇಳಿದವರಾರು, ಅವರಿಗೆ ಹೇಗೆ ಗೊತ್ತು’ ಎಂಬ ಏಳನೆಯದನ್ನು ಹೇಳಿಕೊಡಲಿಲ್ಲ. ವೃತ್ತಿಯ ಪ್ರಾಣವಿರುವುದು ಅದರಲ್ಲಿ.

ಪ್ರಾಯೋಗಿಕ ಪತ್ರಿಕೆಗಳ ಗತಿಯೂ ಇದೇ. ಯಾವ ಕಾಲೇಜಿನ ಸಂಚಿಕೆಯನ್ನಾದರೂ ತೆಗೆದು ನೋಡಿರಿ: ಮೊದಲ ಪುಟದಲ್ಲಿ ಉದ್ಘಾಟನೆ, ದೀಪ ಬೆಳಗುತ್ತಿರುವ ಗಣ್ಯರು, “ಇಂದಿನ ಯುವಜನರು ಮೌಲ್ಯಗಳನ್ನು ಅಳವಡಿಸಿಕೊಳ್ಳಬೇಕು ಎಂದು ಕರೆ ನೀಡಿದರು” ಎಂಬ ವಾಕ್ಯ, “ಉಪಸ್ಥಿತರಿದ್ದರು” ಎಂಬ ಸಮಾಪ್ತಿ. ಕಾಲೇಜಿನ ಶುಲ್ಕ, ವಿದ್ಯಾರ್ಥಿನಿಲಯದ ನೀರು, ಖಾಲಿ ಬಿದ್ದ ಅಧ್ಯಾಪಕ ಹುದ್ದೆ ಇವುಗಳ ಮೇಲಣ ವರದಿಯನ್ನು ಅಲ್ಲಿ ಹುಡುಕುವುದು ವ್ಯರ್ಥ.

ಇಷ್ಟು ಹೇಳಿದೊಡನೆ ನನ್ನ ಪಕ್ಕಕ್ಕೆ ಬಂದು ಕೈಕುಲುಕುವ ಒಂದು ಗುಂಪಿದೆ. ಆ ಸ್ನೇಹವನ್ನು ನಾನು ಒಲ್ಲೆ. “ಪತ್ರಕರ್ತನು ಹುಟ್ಟುತ್ತಾನೆ, ಅವನನ್ನು ತಯಾರಿಸುವುದಕ್ಕಾಗದು, ಡೆಸ್ಕಿನಲ್ಲಿ ಕಲಿಯುವುದೇ ಕಲಿಕೆ” ಎನ್ನುವ ಹಿರಿಯ ಸಂಪಾದಕರ ಗುಂಪು ಅದು. ಇವರ ಕೈಯ ಬ್ರಹ್ಮಾಸ್ತ್ರ ಡಿ.ವಿ. ಗುಂಡಪ್ಪನವರು, ಅವರ ಬಳಿ ಯಾವ ಪದವಿಯಿತ್ತು ಎಂಬುದು ಇವರ ಪ್ರಶ್ನೆ. ಪದವಿ ಇರಲಿಲ್ಲ, ನಿಜ. ಆದರೆ ‘ವೃತ್ತಪತ್ರಿಕೆ’ಯನ್ನೇ ವಿಷಯವಾಗಿಟ್ಟುಕೊಂಡು ಪುಸ್ತಕ ಬರೆದವರು, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದವರು, ಸಾರ್ವಜನಿಕ ವಿಷಯಗಳ ಅಭ್ಯಾಸಕ್ಕೆಂದೇ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆಯನ್ನು ಕಟ್ಟಿದವರು ಅದೇ ಗುಂಡಪ್ಪನವರಷ್ಟೆ? ಪತ್ರಕರ್ತನಿಗೆ ಅಧ್ಯಯನವು ಅನಾವಶ್ಯಕವೆಂಬುದಕ್ಕೆ ಇವರನ್ನು ಸಾಕ್ಷಿಗೆ ಕರೆಯುವವರು, ಸಾಕ್ಷಿಯ ಹೇಳಿಕೆಯನ್ನು ಓದದೆಯೇ ಸಮನ್ಸ್ ಕಳುಹಿಸಿದ್ದಾರೆ. ಪಿ. ಲಂಕೇಶರೂ ಪತ್ರಿಕೋದ್ಯಮವನ್ನು ಓದಿದವರಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಹೌದು; 1980ರಲ್ಲಿ ಪತ್ರಿಕೆ ಆರಂಭಿಸುವ ಮೊದಲು ಅವರು ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುತ್ತಿದ್ದರು, ಕಥೆ ನಾಟಕಗಳನ್ನು ಬರೆದಿದ್ದರು. ಈ ಉದಾಹರಣೆಗಳು ಸಾಧಿಸುವುದು ಮೈಸೂರಿನ ಮೂಲಕಲ್ಪನೆಯ ಸತ್ಯವನ್ನೇ: ಸುದ್ದಿ ಬರೆಯುವವನಿಗೆ ಬೇಕಾದುದು ಪಕ್ಕದ ಕೊಠಡಿಯ ಪಾಠ. ಡೆಸ್ಕಿನ ಮಹಿಮೆಯನ್ನು ಹೊಗಳುವ ಈ ಮಹನೀಯರ ಡೆಸ್ಕಿನಲ್ಲಿ ಹೊಸಬನು ಕಲಿಯುವುದಾದರೂ ಏನನ್ನು? ಮೇಲೆ ನಾನು ಉದಾಹರಿಸಿದ ಬಸ್ಸಿನ ವಾಕ್ಯವನ್ನೇ. ಕಾಲೇಜು ಅದನ್ನು ಡೆಸ್ಕಿನಿಂದ ಕಡ ತಂದಿತು. ಡೆಸ್ಕು ಈಗ ಕಾಲೇಜನ್ನು ಬೈಯುತ್ತಿದೆ.

2021ರಲ್ಲಿ ಬಂದ ನಾಲ್ಕು ವರ್ಷದ ಪದವಿ, 2024ರಲ್ಲಿ ಮರಳಿದ ಮೂರು ವರ್ಷದ ಪದವಿ ಇವುಗಳ ಗದ್ದಲದಲ್ಲಿ ಪತ್ರಿಕೆಗಳ ಹೆಸರುಗಳೂ ಕ್ರೆಡಿಟ್ಟುಗಳೂ ಹಲವು ಬಾರಿ ಬದಲಾದವು. ಇಂಟ್ರೋ ಮಾತ್ರ ತನ್ನ ಸಿಂಹಾಸನದಲ್ಲಿ ಅಚಲವಾಗಿ ಕುಳಿತಿದೆ. ಮೂರು ಐಚ್ಛಿಕಗಳ ಪದ್ಧತಿ ಮತ್ತೆ ಬಂದಿರುವುದು ನನ್ನ ದೃಷ್ಟಿಯಲ್ಲಿ ಅನಿರೀಕ್ಷಿತವಾದ ಭಾಗ್ಯ. ಅರ್ಥಶಾಸ್ತ್ರದ ತರಗತಿಯಲ್ಲಿ ಆಯವ್ಯಯದ ಪಾಠ ಕೇಳಿದವನು ಪತ್ರಿಕೋದ್ಯಮದ ತರಗತಿಯಲ್ಲಿ ತನ್ನ ಗ್ರಾಮ ಪಂಚಾಯಿತಿಯ ಆಯವ್ಯಯವನ್ನು ಓದಲಿ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿಯೇ ಬಂದಿದೆ. ಅದರ ಪ್ರಕಾರ ಉತ್ತರಕ್ಕೆ 30 ದಿನಗಳ ಗಡುವು. ಸೆಮಿಸ್ಟರಿನ ಮೊದಲ ವಾರದಲ್ಲಿ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿದ ವಿದ್ಯಾರ್ಥಿಗೆ ಸೆಮಿಸ್ಟರ್ ಮುಗಿಯುವುದರೊಳಗೆ ಆ ತಿರುವಿನ ತಡೆಗೋಡೆಯ ವಿಷಯವಾಗಿ ಉತ್ತರವೋ, ಉತ್ತರ ಕೊಡದಿರುವ ಇಲಾಖೆಯ ಮೇಲಣ ಮೇಲ್ಮನವಿಯೋ ಕೈಯಲ್ಲಿರುತ್ತದೆ. ಎರಡೂ ವರದಿಗೆ ಯೋಗ್ಯವೇ. ಪಿರಮಿಡ್ಡಿನ ಪಾಠಕ್ಕೆ ಒಂದು ವಾರ ಸಾಕು. ಉದ್ಯೋಗ ಸಿಕ್ಕ ದಿನ ಅದನ್ನು ಹೇಗೂ ಮತ್ತೊಮ್ಮೆ ಕಲಿಸುತ್ತಾರೆ.

ಅಧ್ಯಯನ ಮಂಡಳಿಗಳ ಸದಸ್ಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ಸಭೆಯಲ್ಲಿ, “ಕೆಳಗಿನ ವಿವರಗಳಿಂದ ಇಂಟ್ರೋ ಬರೆಯಿರಿ” ಎಂಬ ಪ್ರಶ್ನೆಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ “ಕೆಳಗಿನ ವಿವರಗಳಲ್ಲಿ ಯಾವುದನ್ನು ಯಾರು ಹೇಳಿದರೆಂದು ತಿಳಿದಿಲ್ಲ, ಅದನ್ನು ಯಾವ ಕಚೇರಿಯಲ್ಲಿ ವಿಚಾರಿಸುವಿರಿ?” ಎಂಬುದನ್ನು ಸೇರಿಸಿರಿ.