ಗ್ಯಾಪ್ ಹೆಚ್ಚಿಸಿದರೆ ಮಿಸ್ಸಿಂಗ್ ನಿಲ್ಲುವುದಿಲ್ಲ

ಪಾಲಿಬೆಟ್ಟದ ಕಡೆ ಹಳೆಯ ಪೆಟ್ರೋಲ್ ಜಿಪ್ಸಿಯೋ ಓಮ್ನಿಯೋ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಗಾಡಿ ಮಿಸ್ಸಿಂಗ್ ಹೊಡೆದ ಕೂಡಲೇ ಸಿಗುವ ಸಲಹೆ ಒಂದೇ: ಪ್ಲಗ್ಗಿನ ಗ್ಯಾಪ್ ಸ್ವಲ್ಪ ಜಾಸ್ತಿ ಮಾಡಿ, ಕಿಡಿ ಜೋರಾಗುತ್ತದೆ. ನಾನು ಒಪ್ಪುವುದಿಲ್ಲ. ಒಣ ಊರಿನಲ್ಲಿ ಹೇಗೋ ನಡೆದೀತು. ಬಾನೆಟ್ಟಿನೊಳಗೂ ತೇವ ಆರದ ಕೊಡಗಿನಲ್ಲಿ ಇದರಿಂದ ಕೆಡುಕೇ ಹೆಚ್ಚು.

ಸಲಹೆ ಕೊಡುವವರು ಪುರಾವೆಯನ್ನೂ ತೋರಿಸುತ್ತಾರೆ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದು ಸೆಲ್ಫ್ ಹೊಡೆಯುತ್ತಾರೆ; ನೀಲಿ ಕಿಡಿ ಚಟಚಟ ಹಾರುತ್ತದೆ. ಆದರೆ ಅದು ಹೊರಗಿನ ಗಾಳಿಯಲ್ಲಿ ಹಾರಿದ ಕಿಡಿ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ದಟ್ಟವಾಗಿಸಿರುತ್ತದೆ. ಅದೇ ಗ್ಯಾಪ್ ದಾಟಲು ಅಲ್ಲಿ ಎಷ್ಟೋ ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪ್ ಹೆಚ್ಚಿದಷ್ಟೂ ಅದು ಏರುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೇವ ಹಿಡಿದಿದ್ದರೆ, ಪ್ಲಗ್ ವೈರು ಬಿರುಕುಬಿಟ್ಟಿದ್ದರೆ ಕರೆಂಟು ಗ್ಯಾಪನ್ನು ಬಿಟ್ಟು ಸುಲಭದ ದಾರಿಯಲ್ಲಿ ಎಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತದೆ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದರೆ ವೈರಿನ ಮೈಮೇಲೆ ನೀಲಿ ಗೆರೆಗಳು ಓಡಾಡುವುದು ಕಣ್ಣಿಗೇ ಕಾಣುತ್ತದೆ. ಅಂಥ ಗಾಡಿಗೆ ಮೊದಲು ಹೊಸ ವೈರ್ ಸೆಟ್ ಹಾಕಿಸಬೇಕು.

ಹೊಸ ಕಾರುಗಳಲ್ಲಿ 1 ಮಿ.ಮೀ. ದಾಟಿದ ಗ್ಯಾಪ್ ಇರುವುದು ನಿಜ. ಅಲ್ಲಿ ಪ್ಲಗ್ಗಿನ ತಲೆಯ ಮೇಲೇ ಬಲವಾದ ಕಾಯಿಲ್ ಕೂತಿರುತ್ತದೆ, ಉದ್ದನೆಯ ವೈರೇ ಇಲ್ಲ. ಕಾರ್ಬ್ಯುರೇಟರ್ ಜಿಪ್ಸಿಗೆ ಹೇಳಿರುವುದು 0.7ರಿಂದ 0.8 ಮಿ.ಮೀ. ಅದನ್ನೂ ಹ್ಯಾಕ್ಸಾ ಬ್ಲೇಡ್ ತೂರಿಸಿ ಅಂದಾಜು ಮಾಡಬಾರದು. ಸವೆದ ಪ್ಲಗ್ಗಿನ ಗುಳಿಯ ಮೇಲೆ ಚಪ್ಪಟೆ ಬ್ಲೇಡು ಅಡ್ಡ ಕೂತು ಗ್ಯಾಪ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ತಂತಿಯ ಗೇಜ್ ಬೇಕು. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಒಳಗಿನ ಪಿಂಗಾಣಿ ಸೀಳಬಹುದು.

ಗ್ಯಾಪಿನ ಮಾತೇ ದೊಡ್ಡದಾಗಿ, ಪ್ಲಗ್ ಎಷ್ಟು ಬಿಸಿಯಾಗಿರುತ್ತದೆ ಎಂದು ಹೇಳುವ ಅದರ ನಂಬರನ್ನು ಯಾರೂ ನೋಡುವುದಿಲ್ಲ ಎಂಬುದು ನನ್ನ ಇನ್ನೊಂದು ತಕರಾರು. ತೋಟದೊಳಗೆ ಒಂದೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಪ್ಲಗ್, ಮಸಿಯನ್ನು ತಾನೇ ಸುಟ್ಟುಕೊಳ್ಳಲು ಬೇಕಾದ ಸುಮಾರು 450–500 ಡಿಗ್ರಿ ಶಾಖ ಮುಟ್ಟುವುದೇ ಕಷ್ಟ. ಎನ್‌ಜಿಕೆಯಲ್ಲಿ ನಂಬರ್ ಏರಿದಂತೆ ಪ್ಲಗ್ ತಂಪು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬೆಂಗಳೂರಿನ ಮೈಕೋ, ಅಂದರೆ 2008ರಿಂದ ಬಾಷ್, ಪ್ಲಗ್ಗಿನಲ್ಲಿ ಅದು ತಿರುವುಮುರುವು. ಬಾಷ್ 7 ಸಿಗಲಿಲ್ಲವೆಂದು ಎನ್‌ಜಿಕೆ 7 ಹಾಕಿದರೆ ಇನ್ನೂ ತಂಪಾದ ಪ್ಲಗ್ ಹಾಕಿದಂತಾಗಿ ಮಸಿ ಬೇಗ ಕಟ್ಟುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು ಎನ್‌ಜಿಕೆ 6.