ದಾನಿಯ ಹೆಸರು ಮತ್ತು ದಾಸೋಹದ ಅಂಕಿತ

ವಿದ್ಯಾಸಂಸ್ಥೆಯೊಂದರ ಹೆಬ್ಬಾಗಿಲ ಮೇಲೆ ಬರೆದ ಹೆಸರು ಆ ಸಂಸ್ಥೆಯು ಕಲಿಸುವ ಮೊದಲನೆಯ ಪಾಠವಾಗಿದೆ. ಗ್ರಂಥಾಲಯದ ಪುಸ್ತಕವನ್ನು ತೆರೆಯುವುದಕ್ಕೆ ಮುನ್ನ, ಅಧ್ಯಾಪಕರ ಮಾತನ್ನು ಕೇಳುವುದಕ್ಕೆ ಮುನ್ನ ವಿದ್ಯಾರ್ಥಿಯು ಆ ಹೆಸರನ್ನು ಓದುತ್ತಾನೆ, ಅರ್ಜಿಯಲ್ಲಿ ಬರೆಯುತ್ತಾನೆ, ಪದವಿಯನ್ನು ಪಡೆದು ಹೊರಟ ಮೇಲೆ ಜೀವಮಾನವಿಡೀ ಅದನ್ನು ಹೊತ್ತು ನಡೆಯುತ್ತಾನೆ. ಆದರೂ ಕಾವ್ಯದ ಶೀರ್ಷಿಕೆಯನ್ನು ಕುರಿತು ಪುಟಗಟ್ಟಲೆ ಚರ್ಚಿಸುವ ನಮ್ಮ ವಿಮರ್ಶೆಯು ಈ ಹೆಸರುಗಳನ್ನು ಅರ್ಥೈಸಬೇಕಾದ ಪಠ್ಯವೆಂದು ಪರಿಗಣಿಸಿದ್ದು ವಿರಳ. ವಿಶ್ವವಿದ್ಯಾನಿಲಯಗಳೂ ಅವುಗಳಿಗೆ ಸೇರಿದ ಮಹಾವಿದ್ಯಾಲಯಗಳೂ ದಾನಿಗಳ ಹೆಸರನ್ನು ಕಟ್ಟಡಗಳಿಗೆ, ಪೀಠಗಳಿಗೆ, ಪದಕಗಳಿಗೆ ಇಡುವ ಪದ್ಧತಿಯು ಇಂದು ದೇಶದೇಶಗಳಲ್ಲಿ ನಿಯಮಾವಳಿಯ ರೂಪವನ್ನು ತಾಳಿರುವಾಗ, ಹೆಸರಿಗೂ ದಾನಕ್ಕೂ ಇರುವ ಸಂಬಂಧವೇನೆಂಬುದನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ಈ ವಿವೇಚನೆಗೆ ಉತ್ತರ ಕನ್ನಡದ ಕಡಲ ತಡಿಯ ಎರಡು ನಾಮಫಲಕಗಳೇ ಸಾಕು. ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು. ಕಾರವಾರದಲ್ಲಿ ದಿವೇಕರ ವಾಣಿಜ್ಯ ಕಾಲೇಜು. ಎರಡನ್ನೂ ಸ್ಥಾಪಿಸಿದ್ದು ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್. ಒಂದೇ ಕೈ ಬರೆದ ಎರಡು ಹೆಸರುಗಳಲ್ಲಿ ಒಂದು ಒಬ್ಬ ಲೋಕಸೇವಕನ ಶತಮಾನೋತ್ಸವವನ್ನು ಸ್ಮರಿಸುತ್ತದೆ. ಇನ್ನೊಂದು ಒಂದು ಕುಲನಾಮವನ್ನು ಧರಿಸಿದೆ. ಅದೇ ಟ್ರಸ್ಟಿನ ಎಷ್ಟೋ ಪ್ರೌಢಶಾಲೆಗಳಾದರೋ ಯಾವ ವ್ಯಕ್ತಿಯ ಹೆಸರನ್ನೂ ಬಯಸದೆ ಬರಿಯ 'ಜನತಾ ವಿದ್ಯಾಲಯ'ಗಳಾಗಿವೆ. ಆದರ್ಶದ ಹೆಸರು, ಮನೆತನದ ಹೆಸರು, ಜನತೆಯ ಹೆಸರು: ಈ ಮೂರರ ನಡುವಿನ ಅಂತರವನ್ನು ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ದಾನಿಯ ಹೆಸರನ್ನು ದತ್ತಿಗೆ ಇಡುವ ರೂಢಿಯು ಪಶ್ಚಿಮದಿಂದ ಬಂದುದೆಂಬ ಭಾವನೆ ನಮ್ಮಲ್ಲಿದೆ. ಇದು ಸರಿಯಲ್ಲ. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇವಾಲಯಕ್ಕೆ ಲೋಕೇಶ್ವರವೆಂದೇ ಹೆಸರಾಯಿತು. ಅವಳ ಸವತಿ ತ್ರೈಲೋಕ್ಯಮಹಾದೇವಿಯದು ತ್ರೈಲೋಕ್ಯೇಶ್ವರವಾಯಿತು. ದೇವರ ಹೆಸರಿನೊಳಗೆ ದಾನಿಯು ತನ್ನ ಹೆಸರನ್ನು ಸೇರಿಸಿಬಿಟ್ಟ ಈ ಕ್ರಮಕ್ಕಿಂತ ಗಟ್ಟಿಯಾದ ನಾಮಕರಣವು ಯಾವುದಿದ್ದೀತು? ಆದರೆ ಕಾಲವು ಮಾಡಿದ ವಿಮರ್ಶೆಯನ್ನು ನೋಡಬೇಕು. ಇಂದು ಜನರ ನಾಲಗೆಯ ಮೇಲೆ ಅವು ವಿರೂಪಾಕ್ಷ, ಮಲ್ಲಿಕಾರ್ಜುನ ದೇವಾಲಯಗಳು. ರಾಣಿಯರ ಹೆಸರುಗಳನ್ನು ಶಾಸನಾಭ್ಯಾಸಿಗಳು ಬಲ್ಲರು, ಯಾತ್ರಿಕರು ಅರಿಯರು. ಅಲ್ಲಿಯ ಶಾಸನವು ಒಂದು ಉದಾರಕಾರ್ಯವನ್ನು ಮಾಡಿದೆ: ಕಟ್ಟಿಸಿದ ರಾಣಿಯ ಜೊತೆಗೆ ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಅದು ದಾಖಲಿಸಿದೆ. ಧನವನ್ನು ಕೊಟ್ಟವರಿಗೂ ದುಡಿಮೆಯನ್ನು ಕೊಟ್ಟವರಿಗೂ ಕಲ್ಲಿನಲ್ಲಿ ಸ್ಥಾನವಿರಬೇಕೆಂಬ ನ್ಯಾಯವು ನಮ್ಮಲ್ಲಿ ಅಷ್ಟು ಹಳೆಯದು.

ವಿದ್ಯಾದಾನಕ್ಕೇ ಸಂಬಂಧಿಸಿದ ನಿದರ್ಶನವು ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿದೆ. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳು ಏರ್ಪಟ್ಟವು. ಶಾಸನವು ಮಂತ್ರಿಯ ಹೆಸರನ್ನು ಹೊಗಳಿ ಅಲ್ಲಿಗೇ ನಿಲ್ಲುವುದಿಲ್ಲ. ಊರಿನಲ್ಲಿ ಮದುವೆಯಾದಾಗ 5 ನಾಣ್ಯಗಳು, ಉಪನಯನವಾದಾಗ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ, ಹೀಗೆ ಗ್ರಾಮಸ್ಥರು ಶಾಲೆಗೆ ಸಲ್ಲಿಸಬೇಕಾದ ಕಾಣಿಕೆಯನ್ನೂ ಅದು ವಿವರಿಸುತ್ತದೆ. ಮಂತ್ರಿಯ ದಾನವು ಒಮ್ಮೆ ಆದದ್ದು. ಊರಿನವರ ದಾನವು ಪ್ರತಿ ಮದುವೆಯಲ್ಲಿಯೂ ಆಗುವಂಥದು. ಒಂದು ಹೆಸರು ಎದ್ದು ಕಾಣುತ್ತಿರುವಲ್ಲೆಲ್ಲ ಅದರ ಬೆನ್ನಿಗೆ ಹೆಸರಿಲ್ಲದ ಅನೇಕರು ನಿಂತಿರುತ್ತಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಹನ್ನೆರಡನೆಯ ಶತಮಾನದ ಶರಣರು ಈ ದಾನಪರಂಪರೆಯನ್ನು ಒಳಗಿನಿಂದ ಪ್ರಶ್ನಿಸಿದರು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವು ದಾನದಲ್ಲಿ ಉಳಿದುಬಿಡುತ್ತದೆ; ದಾಸೋಹದಲ್ಲಿಯಾದರೋ ಕೊಡುವವನೇ ದಾಸ. ತಾನು ಮಾಡಿದೆನೆಂಬ ಅರಿವು ಮನಸ್ಸಿನಲ್ಲಿ ಸುಳಿದರೂ ಮಾಡಿದ್ದು ಕೆಟ್ಟಿತೆಂಬ ಎಚ್ಚರಿಕೆಯನ್ನು ಬಸವಣ್ಣನವರು ಮತ್ತೆ ಮತ್ತೆ ನೀಡಿದ್ದಾರೆ. ಸ್ಥಾವರವು ಅಳಿಯುವಂಥದು, ಜಂಗಮವು ಅಳಿಯದೆ ಉಳಿಯುವಂಥದು ಎಂಬ ಅವರ ತತ್ತ್ವವನ್ನು ಪಟ್ಟದಕಲ್ಲಿನ ಎದುರು ನಿಂತು ನೆನೆದರೆ ಅದು ಹೊಸ ಅರ್ಥವನ್ನು ಪಡೆಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ವಚನದ ಅಂಕಿತವನ್ನು ಗಮನಿಸಬೇಕು. ಶಾಸನದ ಕೊನೆಗೆ ದಾನಿಯ ಕೀರ್ತಿ ಬರುವಂತೆ ವಚನದ ಕೊನೆಗೆ ವಚನಕಾರನ ಹೆಸರು ಬರಬಹುದಾಗಿತ್ತು. ಆದರೆ ಅಲ್ಲಿ ಬರುವುದು ಇಷ್ಟದೈವದ ಹೆಸರು. ತಾನು ನುಡಿದುದನ್ನು ತನ್ನದೆನ್ನದೆ ಒಪ್ಪಿಸಿಬಿಡುವ ಕ್ರಮವದು. ಕರ್ತೃವಿನ ಹೆಸರು ತಿಳಿಯದೆ ಅಂಕಿತವೊಂದೇ ಉಳಿದಿರುವ ವಚನಗಳೂ ನಮ್ಮಲ್ಲಿವೆ. ಅವುಗಳ ಬೆಲೆ ಅದರಿಂದ ಕುಂದಿಲ್ಲ. ಹೆಸರನ್ನು ಇಟ್ಟೂ ತನ್ನ ಹೆಸರನ್ನು ಇಡದಿರುವ ದಾರಿಯೊಂದಿದೆಯೆಂಬುದನ್ನು ಅಂಕಿತವು ತೋರಿಸಿಕೊಡುತ್ತದೆ.

ಹಾಗಾದರೆ ದಾನಿಯ ಹೆಸರನ್ನು ಇಡುವುದೇ ತಪ್ಪೆ? ಹೀಗೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ವೀರಶೈವ ಸಮಾಜದ ವಿದ್ಯಾಸಂಸ್ಥೆಗಳೇ ದಾನಿಗಳ ಹೆಸರುಗಳಿಂದ ತುಂಬಿವೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಮುಡಿಪಾಗಿಟ್ಟರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿದ್ದು 1916ರಲ್ಲಿ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದದ್ದು 1933ರಲ್ಲಿ. ಎಂದರೆ ದಾನಕ್ಕೂ ಈ ನಾಮಕರಣಕ್ಕೂ ನಡುವೆ 27 ವರ್ಷಗಳ ಅಂತರವಿದೆ. ಆ ಹೆಸರನ್ನು ದಾನಿಯು ಕೇಳಿ ಪಡೆಯಲಿಲ್ಲ. ಪಡೆದವರು ನೆನೆದು ಇಟ್ಟರು. ಹುಬ್ಬಳ್ಳಿಯಲ್ಲಿ 1947ರಲ್ಲಿ ತೆರೆದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಹೆಸರೂ ಒಂದು ದೊಡ್ಡ ದಾನದ ಸ್ಮರಣೆಯೇ ಆಗಿದೆ. ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರು ಪುಣೆ, ಮುಂಬಯಿಗಳಿಗೆ ಹೋಗದೆ ಎಂಜಿನಿಯರರಾದದ್ದು ಇಂಥ ದಾನಗಳಿಂದ. ಕೃತಜ್ಞತೆಯನ್ನು ಅಹಂಕಾರವೆಂದು ತಿಳಿಯುವ ವಿಮರ್ಶೆಯು ಕೃತಘ್ನವಾದೀತು.

ಇದಕ್ಕೆ ವಿರುದ್ಧದಿಕ್ಕಿನ ನಿದರ್ಶನವೂ ನಮ್ಮ ನಾಡಿನಲ್ಲಿದೆ. ಜಮಶೇಟಜಿ ಟಾಟಾ ಅವರು ವಿಜ್ಞಾನ ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಕೊಡಲು ಮುಂದಾದಾಗ ಅದಕ್ಕೆ ತಮ್ಮ ಹೆಸರನ್ನಿಡಲು ಒಪ್ಪಲಿಲ್ಲ. ಅವರು 1904ರಲ್ಲಿ ತೀರಿಕೊಂಡರು. 1909ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡದ್ದು ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ಬೆಂಗಳೂರಿನ ಜನಸಾಮಾನ್ಯರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿಯಿತು. ರಾಣಿಯು ಇಟ್ಟ ಹೆಸರನ್ನು ಜನರು ಬಿಟ್ಟುಬಿಟ್ಟರು. ಟಾಟಾ ಬೇಡವೆಂದ ಹೆಸರನ್ನು ಜನರು ತಾವಾಗಿಯೇ ಇಟ್ಟುಕೊಂಡರು. ಹೆಸರಿನ ಹಕ್ಕು ಕೊನೆಗೆ ಯಾರ ಕೈಯಲ್ಲಿದೆಯೆಂಬ ಪ್ರಶ್ನೆಗೆ ಈ ಎರಡು ಪ್ರಸಂಗಗಳೇ ಉತ್ತರ ಕೊಡುತ್ತವೆ.

ಹೆಸರು ಕ್ರಯದ ವಸ್ತುವಾದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ವಿಶ್ವವಿದ್ಯಾನಿಲಯಗಳ ಇತಿಹಾಸವು ಪಾಠವಾಗಿದೆ. 1638ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಹೊಸ ಕಾಲೇಜಿಗೆ ಬಿಟ್ಟುಹೋದನು. ಮರುವರ್ಷ ಕಾಲೇಜು ಅವನ ಹೆಸರನ್ನು ಧರಿಸಿತು. 1764ರ ಬೆಂಕಿಯಲ್ಲಿ ಆ ಪುಸ್ತಕಗಳಲ್ಲಿ ಒಂದರ ಹೊರತು ಎಲ್ಲವೂ ಸುಟ್ಟುಹೋದವು. ಹೆಸರು ಮಾತ್ರ ಉಳಿಯಿತು. ಯೇಲ್ ವಿಶ್ವವಿದ್ಯಾನಿಲಯದ ಹೆಸರಿನ ಮೂಲವಂತೂ ನಮ್ಮ ಸಮೀಪದ ಮದರಾಸಿಗೆ ಸಂಬಂಧಿಸಿದ್ದು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರನಾಗಿದ್ದು, ಸ್ವಂತ ಲಾಭದ ವ್ಯವಹಾರಗಳ ಆರೋಪದ ಮೇಲೆ ಅಧಿಕಾರವನ್ನು ಕಳೆದುಕೊಂಡ ಎಲಿಹು ಯೇಲ್ 1718ರಲ್ಲಿ ಕಳುಹಿಸಿದ ಸರಕನ್ನು ಮಾರಿದಾಗ ಬಂದದ್ದು 562 ಪೌಂಡು. ಅದರ ಜೊತೆಗೆ 417 ಪುಸ್ತಕಗಳು. ಇಷ್ಟಕ್ಕೆ ಮೂರು ಶತಮಾನಗಳ ಕೀರ್ತಿ ಸಂದಿತು. ಇನ್ನೊಂದೆಡೆ, ನೋವುಶಮನದ ಮಾದಕ ಔಷಧಿಯ ವ್ಯಾಪಾರದಿಂದ ಧನಿಕವಾದ ಸ್ಯಾಕ್ಲರ್ ಮನೆತನದ ಹೆಸರನ್ನು 2019ರಲ್ಲಿ ಟಫ್ಟ್ಸ್ ವಿಶ್ವವಿದ್ಯಾನಿಲಯವು ತನ್ನ ಕಟ್ಟಡಗಳಿಂದ ತೆಗೆದುಹಾಕಬೇಕಾಯಿತು. ಜನರ ಜೀವವನ್ನು ಉಳಿಸುವುದನ್ನು ಕಲಿಯುವ ವೈದ್ಯವಿದ್ಯಾರ್ಥಿಗಳು ಆ ಹೆಸರಿನಡಿಯಲ್ಲಿ ಓದಲು ಸಂಕೋಚಪಟ್ಟುದೇ ಇದಕ್ಕೆ ಕಾರಣ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪು ತಾನಾಗಿ ಬರುತ್ತದೆ. ಮಾರಯ್ಯನು ದಾಸೋಹಕ್ಕೆಂದೇ ಅಕ್ಕಿಯನ್ನು ಆಯ್ದು ತಂದನು, ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೂ ನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ತಂದುದನ್ನು ಕಂಡು ಆಕೆ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ದಾಸೋಹವು ಎಷ್ಟು ದೊಡ್ಡದೆಂದು ಆಕೆ ಕೇಳಲಿಲ್ಲ. ಅಕ್ಕಿ ಬಂದದ್ದು ಹೇಗೆಂದು ಕೇಳಿದಳು. ದಾನವನ್ನು ಸ್ವೀಕರಿಸುವ ಇಂದಿನ ಆಡಳಿತ ಮಂಡಳಿಗಳು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ.

ದೊಡ್ಡ ದಾನಗಳ ಮಾತು ಹೀಗಾದರೆ ನಮ್ಮ ವಿಶ್ವವಿದ್ಯಾನಿಲಯಗಳ ಸಣ್ಣ ದತ್ತಿಗಳ ಕಥೆ ಬೇರೆ. ಘಟಿಕೋತ್ಸವದಲ್ಲಿ ಓದಿ ಹೇಳುವ ಸುವರ್ಣಪದಕಗಳ ಪಟ್ಟಿಯಲ್ಲಿ ಅಕ್ಷರವನ್ನೇ ಅರಿಯದ ತಾಯಂದಿರ ಹೆಸರುಗಳು, ಅಕಾಲದಲ್ಲಿ ತೀರಿಹೋದ ಮಕ್ಕಳ ಹೆಸರುಗಳು ಬರುತ್ತವೆ. ಅಲ್ಲಿ ಕೀರ್ತಿಯ ಆಸೆಗಿಂತ ದುಃಖದ ಒಪ್ಪಿಸುವಿಕೆಯೇ ಹೆಚ್ಚು. ಅದು ಅಂಕಿತಕ್ಕೆ ಹತ್ತಿರವಾದದ್ದು. ಆದರೆ ಹತ್ತು ಸಾವಿರ ರೂಪಾಯಿಗಳ ದತ್ತಿಗೆ ನೂರಕ್ಕೆ ಆರರಂತೆ ವರ್ಷಕ್ಕೆ ಬರುವ ಬಡ್ಡಿ ಆರುನೂರು ರೂಪಾಯಿ. ಅದರಿಂದ ಇಂದು ಬಂಗಾರದ ಲೇಪವನ್ನು ಕೊಡಿಸುವುದೂ ಕಷ್ಟ. ನಮ್ಮ ಹಿರಿಯರು ಚಂದ್ರಸೂರ್ಯರಿರುವ ತನಕ ನಡೆಯಲೆಂದು ದತ್ತಿಗೆ ಭೂಮಿಯನ್ನು ಕೊಟ್ಟರು, ಏಕೆಂದರೆ ಭೂಮಿ ವರ್ಷವರ್ಷವೂ ಬೆಳೆಯುತ್ತದೆ. ಹಣವು ಇಟ್ಟಲ್ಲೇ ಕರಗುತ್ತದೆ. ಹೆಸರು ಶಾಶ್ವತ, ದಾನ ಕ್ಷಯಿಷ್ಣು ಎಂಬ ಈ ವಿಸಂಗತಿಯನ್ನು ದಾನಿಗಳಿಗೆ ಮೊದಲೇ ತಿಳಿಸಿ ಹೇಳುವುದು ವಿಶ್ವವಿದ್ಯಾನಿಲಯದ ಕರ್ತವ್ಯವಾಗಿದೆ.

ಈಗ ಅಂಕೋಲೆಗೆ ಮರಳೋಣ. ಗೋಪಾಲಕೃಷ್ಣ ಗೋಖಲೆಯವರು 1915ರಲ್ಲಿಯೇ ತೀರಿಕೊಂಡರು. ಆ ಕಾಲೇಜಿನ ಒಂದು ಇಟ್ಟಿಗೆಗೂ ಅವರು ಹಣ ಕೊಟ್ಟವರಲ್ಲ. ಅವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ, ಅವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ದಿನಕರ ದೇಸಾಯಿಯವರು ಈ ಹೆಸರನ್ನು ಆರಿಸಿದರು. ಇದರಲ್ಲಿ ಒಂದು ಸೂಕ್ಷ್ಮವಿದೆ. ಗೋಖಲೆಯವರು ಅಲ್ಪವೇತನಕ್ಕೆ ಸುಮಾರು ಎರಡು ದಶಕಗಳ ಕಾಲ ಪಾಠ ಹೇಳಿದ ಪುಣೆಯ ಕಾಲೇಜು ಮುಂಬಯಿ ಪ್ರಾಂತದ ಗವರ್ನರ್ ಫರ್ಗ್ಯುಸನ್ನರ ಹೆಸರಿನದು. ಅಲ್ಲಿ ಹೆಸರು ಆಶ್ರಯದಾತನದಾಯಿತು, ದುಡಿಮೆ ಅಧ್ಯಾಪಕರದಾಯಿತು. ಅಂಕೋಲೆಯಲ್ಲಿ ಆ ಅಧ್ಯಾಪಕನ ಹೆಸರೇ ಬಾಗಿಲಿನ ಮೇಲೆ ಬಂದಿತು. ಇದು ದಾನದ ಬದಲು ಕಾಯಕವನ್ನು ಹೆಸರಿಸಿದ ನಾಮಕರಣ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ನೆಲೆಯಾಗಿ, ಹೆಸರು ಉಳಿಯದ ನೂರಾರು ಜನರ ತ್ಯಾಗದಿಂದ ಹೆಸರಾದ ಊರಿಗೆ ಇದು ಒಪ್ಪುವಂಥದು.

ದೇಸಾಯಿಯವರು ತಾವು ಕಟ್ಟಿದ ಮೊದಲ ಕಾಲೇಜಿಗೆ ತಮ್ಮ ಹೆಸರನ್ನು ಇಟ್ಟುಕೊಳ್ಳಲಿಲ್ಲ. ತಮ್ಮ ದೇಹದ ಬೂದಿಯನ್ನು ಕುರಿತ ಅವರ ಪ್ರಸಿದ್ಧ ಕವಿತೆಯು ಬಯಸುವುದು ಸಮಾಧಿಯನ್ನಲ್ಲ. ಭತ್ತದ ಗದ್ದೆಗೆ ಗೊಬ್ಬರವಾಗುವುದನ್ನು. ಚುಟುಕಗಳಲ್ಲಿ ಲೋಕವನ್ನು ನಗೆಯಾಡಿದ ಕವಿಯು ಇಲ್ಲಿ ತನ್ನನ್ನೇ ಇಲ್ಲವಾಗಿಸಿಕೊಂಡು ಪೈರಿನಲ್ಲಿ ಬೆರೆಯುತ್ತಾನೆ. ಸ್ಥಾವರ-ಜಂಗಮಗಳ ತತ್ತ್ವವನ್ನು ಈ ಕವಿತೆಯು ತನ್ನದೇ ನುಡಿಯಲ್ಲಿ ಕಂಡುಕೊಂಡಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೂ ಕಾರವಾರದ ನಾಮಫಲಕವು ನಮ್ಮನ್ನು ಎಚ್ಚರಿಸುತ್ತದೆ. ಅಂಥ ವ್ಯಕ್ತಿಯು ಕಟ್ಟಿದ ಟ್ರಸ್ಟು ಕೂಡ ಕುಲನಾಮವನ್ನು ವರ್ಜ್ಯವೆಂದು ತಿಳಿಯಲಿಲ್ಲ. ಮಲೆನಾಡು-ಕರಾವಳಿಗಳ ಊರುಗಳಲ್ಲಿ ಕಾಲೇಜನ್ನು ನಡೆಸುವವರಿಗೆ ಹಣದ ಕಷ್ಟವೆಂಥದೆಂಬುದು ಗೊತ್ತು. ಹೆಸರನ್ನೆಲ್ಲ ನಿಷೇಧಿಸುವ ಶುದ್ಧಿಯು ಮಕ್ಕಳ ಓದಿಗೆ ಅಡ್ಡಿಯಾಗಬಾರದು. ನಾವು ಕೇಳಬೇಕಾದುದು ಇಷ್ಟೇ: ದಿನಕ್ಕೆ ಹತ್ತು ಸಲ ಕಾಲೇಜಿನ ಹೆಸರನ್ನು ಹೇಳುವ ವಿದ್ಯಾರ್ಥಿಗೆ ಆ ಹೆಸರು ಯಾರದು, ಏಕೆ ಇಟ್ಟಿತು ಎಂಬುದನ್ನು ತಿಳಿಸುವ ಒಂದು ಕಲ್ಲು, ಒಂದು ಪುಟ ಪ್ರತಿ ಕಾಲೇಜಿನಲ್ಲಿಯೂ ಇದೆಯೆ? ಅರ್ಥ ತಿಳಿಯದ ಹೆಸರು ದಾನಿಗೂ ಗೌರವವಲ್ಲ.

ಆದುದರಿಂದ ಕೆಲವು ಮಾತುಗಳನ್ನು ವಿನಯಪೂರ್ವಕವಾಗಿ ಸೂಚಿಸಬಹುದು. ಹೆಸರು ದಾನದ ಷರತ್ತಾಗಬಾರದು. ಪಡೆದವರ ಸ್ಮರಣೆಯಾಗಿ, ಸಾಧ್ಯವಾದಷ್ಟು ತಡವಾಗಿ ಬರಬೇಕು. ದಾನದ ಮೊತ್ತಕ್ಕಿಂತ ಮೊದಲು ಅದರ ಮೂಲವನ್ನು ಲಕ್ಕಮ್ಮನಂತೆ ವಿಚಾರಿಸಬೇಕು. ಹೆಸರಿಟ್ಟವನಿಗೆ ಪಾಠದಲ್ಲಾಗಲಿ ನೇಮಕದಲ್ಲಾಗಲಿ ಕೈಯಾಡಿಸುವ ಅಧಿಕಾರವಿರಬಾರದು. ದೊಡ್ಡ ಹೆಸರಿನ ಕೆಳಗೆ, ಸಾಲೋಟಗಿಯ ಶಾಸನದಂತೆ, ಸಣ್ಣ ಕಾಣಿಕೆಯವರಿಗೂ, ಪಟ್ಟದಕಲ್ಲಿನಂತೆ, ದುಡಿದವರಿಗೂ ಜಾಗವಿರಬೇಕು. ಇಷ್ಟಾದರೆ ದಾನಿಯ ಹೆಸರೂ ಒಂದು ಅಂಕಿತವಾದೀತು. ಇಲ್ಲವಾದರೆ ಅದು ಬಾಗಿಲಿಗೆ ತೂಗುಹಾಕಿದ ರಸೀದಿಯಾಗಿ ಉಳಿದೀತು.