ಹಾಡಿನ ಸೋಲಿಗ, ಕಾಡಿನ ಸೋಲಿಗ

ಮಲೆಯ ಮಾದೇಶ್ವರನ ಮೌಖಿಕ ಮಹಾಕಾವ್ಯವು ಕಂಸಾಳೆಯ ನಾದದೊಡನೆ ದೇವರಗುಡ್ಡರ ಕಂಠದಲ್ಲಿ ಇಂದಿಗೂ ಉಳಿದು ಬಂದಿದೆ. 1973ರಲ್ಲಿ ಪಿ. ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಅದು ಅಚ್ಚಾದ ಮೇಲೆ ಓದುಬಲ್ಲವರ ಕೈಗೂ ಬಂದಿತು. ಅದರೊಳಗಿನ ಸಂಕಮ್ಮನ ಕಥೆಯನ್ನು ಶೀಲಪರೀಕ್ಷೆಯ ಕಥೆಯೆಂದೇ ಓದುವುದು ವಾಡಿಕೆ. ಕಾಡಿಗೆ ಹೊರಟ ಸೋಲಿಗ ನೀಲೇಗೌಡನು ಮಡದಿಯಿಂದ ಭಾಷೆ ಬೇಡುತ್ತಾನೆ, ಆಕೆ ಕೊಡಲೊಲ್ಲಳು, ಅವನು ಹಿಂಸಿಸುತ್ತಾನೆ, ಮಾದಪ್ಪನು ಆಕೆಗೆ ಒಲಿಯುತ್ತಾನೆ. ಈ ಓದು ತಪ್ಪಲ್ಲ, ಆದರೆ ಅಪೂರ್ಣ. ಇದರಲ್ಲಿ ಕಾಡು ಬರಿಯ ಹಿನ್ನೆಲೆಯ ಪರದೆಯಾಗುತ್ತದೆ; ಆ ಕಾಡನ್ನು ಬಲ್ಲವನ ಬಾಳು ಕಣ್ಮರೆಯಾಗುತ್ತದೆ.

ಕಾವ್ಯದಲ್ಲಾದ ಈ ಅಲಕ್ಷ್ಯವೇ ಲೋಕವ್ಯವಹಾರದಲ್ಲಿಯೂ ಆಗಿದೆ. ಮಾದಪ್ಪನ ಬೆಟ್ಟದ ನೆರೆಯ ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವೆನಿಸಿತು. ಬೇಟೆಯೊಡನೆ ಸೋಲಿಗರ ಕಾಡುಬೇಸಾಯವೂ ತರಗುಬೆಂಕಿಯೂ ನಿಷಿದ್ಧವಾದವು. ಬೇಸಗೆಯ ಆರಂಭದಲ್ಲಿ, ತರಗೆಲೆ ಇನ್ನೂ ತೆಳುವಾಗಿರುವಾಗ ಹಾಕುತ್ತಿದ್ದ ಆ ಕಿರುಬೆಂಕಿ ನೆಲದ ಮೇಲೆಯೇ ಹರಿದು ನಂದುತ್ತಿತ್ತು. ಅದು ಲಂಟಾನದ ಎಳೆಸಸಿಗಳನ್ನು ಸುಡುತ್ತಿತ್ತು, ನೆಲ್ಲಿಯ ಮರವನ್ನು ಹಿಂಡುವ ಬಂದಳಿಕೆಯನ್ನು ಅಡಗಿಸುತ್ತಿತ್ತು ಎಂಬುದು ಸೋಲಿಗ ಹಿರಿಯರ ಮಾತು. ಬೆಂಕಿ ನಿಂತ ದಶಕಗಳಲ್ಲಿ ಲಂಟಾನವು ಆಳೆತ್ತರ ಬೆಳೆದು ಹುಲ್ಲನ್ನು ನುಂಗಿತು. ಒಣಗಿದಾಗ ಅದೇ ಕಾಳ್ಗಿಚ್ಚಿಗೆ ಸೌದೆಯಾಯಿತು. ಹವಾಮಾನವು ಬದಲಾಗಿ ಮಳೆಯ ಕ್ರಮ ತಪ್ಪಿ, ಬಿಸಿಲು ಬಲಿಯುತ್ತಿರುವ ಈ ಕಾಲದಲ್ಲಿ ಆ ಸೌದೆಯ ರಾಶಿ ಎಂತಹ ಅಪಾಯವೆಂಬುದನ್ನು ವಿವರಿಸಬೇಕಾಗಿಲ್ಲ.

ವಿಪರ್ಯಾಸವೆಂದರೆ, ಸೋಲಿಗನ ಹಾಡು ನಮಗೆ 'ಜಾನಪದ ಸಂಪತ್ತು'; ಅವನು ಬೆಂಕಿಯ ವಿಷಯ ನುಡಿದರೆ ಅದು ಮೌಢ್ಯ! ವೇದಿಕೆಯ ಮೇಲೆ ಅವನನ್ನು ಕುಣಿಸಿ ಚಪ್ಪಾಳೆ ತಟ್ಟುವ ನಾವು, ಕಾಡಿನ ಯೋಜನೆ ಬರೆಯುವಾಗ ಅವನನ್ನು ಕರೆಯುವುದಿಲ್ಲ. 2006ರ ಅರಣ್ಯಹಕ್ಕು ಕಾಯಿದೆಯ ಫಲವಾಗಿ 2011ರಲ್ಲಿ ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಅದೇ ವರ್ಷ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹಕ್ಕುಪತ್ರ ಕೈಗೆ ಬಂದ ಮಾತ್ರಕ್ಕೆ ಮಾತಿಗೆ ಮನ್ನಣೆ ಬಂದಂತಾಗುವುದಿಲ್ಲ.

ಇಲ್ಲಿ ಇನ್ನೊಂದು ಅತಿರೇಕದ ಎಚ್ಚರವೂ ಬೇಕು. ವನವಾಸಿಯನ್ನು ಋಷಿಯನ್ನಾಗಿಸಿ ಪೂಜಿಸುವವರಿದ್ದಾರೆ. ಕಾವ್ಯವು ಅಂತಹ ಮೋಹಕ್ಕೆ ಒಳಗಾಗಿಲ್ಲ. ಕಾಡಿನ ದಾರಿ ಬಲ್ಲ ನೀಲೇಗೌಡನು ಮನೆಯಲ್ಲಿ ಕ್ರೂರಿಯೇ ಆಗಿದ್ದಾನೆ. ಜಾನಪದ ಕವಿ ಅದನ್ನು ಮರೆಮಾಚಲಿಲ್ಲ. ಬಲ್ಲವನೆಲ್ಲ ನಿರ್ದೋಷಿಯಲ್ಲ, ದೋಷವಿದ್ದ ಮಾತ್ರಕ್ಕೆ ಅವನ ಅರಿವು ಹುಸಿಯೂ ಅಲ್ಲ. ತರಗುಬೆಂಕಿಗೂ ಇದೇ ನ್ಯಾಯ ಸಲ್ಲುತ್ತದೆ. ಲಂಟಾನ ದಟ್ಟವಾಗಿರುವ ಇಂದಿನ ಕಾಡಿಗೆ ಹಿಂದಿನಂತೆಯೇ ಕಿಡಿ ಹಾಕಿದರೆ ಅನಾಹುತವಾದೀತು. ಮೊದಲು ಪೊದೆ ತೆಗೆಯಬೇಕು. ಎಲ್ಲಿ, ಎಂದು, ಎಷ್ಟು ಸುಡಬೇಕೆಂಬುದನ್ನು ಸೋಲಿಗರೂ ವಿಜ್ಞಾನಿಗಳೂ ಅರಣ್ಯಾಧಿಕಾರಿಗಳೂ ಒಂದೆಡೆ ಕುಳಿತು ನಿರ್ಧರಿಸಬೇಕು.

ಸಂಕಮ್ಮನ ಕಥೆಯನ್ನು ಮತ್ತೊಮ್ಮೆ ಕೇಳುವಾಗ ಸಹೃದಯರು ಆಕೆಯ ಶೀಲದೊಡನೆ ಆಕೆಯ ಸುತ್ತಲಿನ ಕಾಡಿಗೂ ಕಿವಿಗೊಡಲಿ. ಹಾಡಿನ ಸೋಲಿಗನಿಗೆ ತಲೆದೂಗಿದವರು ಕಾಡಿನ ಸೋಲಿಗನಿಗೆ ಕಿವಿಗೊಡದಿದ್ದರೆ, ನಮ್ಮ ಕಾವ್ಯಾಸಕ್ತಿಯು ಬರಿಯ ಕಾಲಕ್ಷೇಪವೇ ಸರಿ.